ಹುಷಾರಿಲ್ಲದಾಗ ಕ್ರೆಡಿಟ್ ಕಾರ್ಡ್ ಬಿಲ್ ತಪ್ಪಿದರೆ: ಆಸ್ಪತ್ರೆ ಹಾಸಿಗೆಯಿಂದ ಕೊನೇ ಬಿಲ್‌ವರೆಗೆ ಮಾಡಬೇಕಾದ ಕೆಲಸಗಳು

2024ರ ಜುಲೈ ಕೊನೆಯಲ್ಲಿ ನನಗೆ ಡೆಂಗಿ ಬಂತು. 30ನೇ ತಾರೀಕು ತುಮಕೂರಿನಲ್ಲೇ ಒಂದು ಆಸ್ಪತ್ರೆಗೆ ಸೇರಿದೆ. ಭೀಮನ ಅಮಾವಾಸ್ಯೆ ದಿನ, ಅಂದರೆ ಆಗಸ್ಟ್ 4ಕ್ಕೆ ಮನೆಗೆ ಬಂದೆ. ನಡುವಿನ ಆಗಸ್ಟ್ 1 ನನ್ನ ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಕೊನೇ ದಿನವಾಗಿತ್ತು. ಫೋನು ಬಟ್ಟೆ ಬ್ಯಾಗಿನ ಅಡಿಯಲ್ಲಿ ಸ್ವಿಚ್ ಆಫ್ ಆಗಿ ಬಿದ್ದಿತ್ತು. ಎಡಗೈಗೆ ಗ್ಲೂಕೋಸ್ ಸೂಜಿ, ಬಲಗೈ ಎತ್ತೋಕೆ ಶಕ್ತಿ ಇಲ್ಲ, ಕಣ್ಣು ಬಿಟ್ಟರೆ ತಲೆ ಸಿಡಿಯೋದು. ಬಿಲ್ಲಿನ ನೆನಪು ಯಾರಿಗಿರುತ್ತೆ ಹೇಳಿ?

ಮನೆಗೆ ಬಂದು ನಾಲ್ಕೈದು ದಿನ ಆದಮೇಲೆ ತಮ್ಮ ಫೋನ್ ಚಾರ್ಜ್ ಮಾಡಿ ತಂದುಕೊಟ್ಟ. "ಅಕ್ಕ, ಬ್ಯಾಂಕಿಂದ ಮೆಸೇಜ್ ಮೇಲೆ ಮೆಸೇಜ್ ಬಂದಿದೆ ನೋಡು" ಅಂದ. ಅವತ್ತು ನಾಗರ ಪಂಚಮಿ. ಅಮ್ಮ ಅಡುಗೆಮನೆಯಲ್ಲಿ ತಂಬಿಟ್ಟು ಕಟ್ಟುತ್ತಿದ್ದರು. ನಾನು ಮಂಚದ ಮೇಲೆ ಕೂತು ₹38,400 ಕಟ್ಟಿದೆ, ಎಂಟು ದಿನ ತಡವಾಗಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ, ಮುಗಿದಿರಲಿಲ್ಲ. ಮುಂದಿನ ಎರಡು ಬಿಲ್‌ಗಳಲ್ಲಿ ಏನೇನು ಬಂತು, ಅದರಲ್ಲಿ ಎಷ್ಟನ್ನು ವಾಪಸ್ ಪಡೆದೆ, ಎಷ್ಟು ಹೋಯಿತು, ಮೊದಲೇ ಗೊತ್ತಿದ್ದರೆ ಏನು ಮಾಡಬಹುದಿತ್ತು ಎಂಬುದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನೀವು ಈಗಲೇ ಜ್ವರದಲ್ಲಿ ಮಲಗಿದ್ದರೆ ಮೊದಲ ಎರಡು ಹೆಜ್ಜೆ ಓದಿ, ಫೋನನ್ನು ಮನೆಯವರ ಕೈಗೆ ಕೊಡಿ. ಉಳಿದದ್ದನ್ನು ಎದ್ದು ಕೂತಮೇಲೆ ಓದಿದರೆ ಸಾಕು.

ಹೆಜ್ಜೆ 1: ಮೂರೇ ಮೂರು ಅಂಕಿ ನೋಡಿ

ಬಿಲ್ ಪೂರ್ತಿ ಓದುವುದು ಬೇಡ. ಕಟ್ಟುವ ಕೊನೇ ದಿನ ಯಾವುದು, ಒಟ್ಟು ಬಾಕಿ ಎಷ್ಟು, ಮಿನಿಮಮ್ ಡ್ಯೂ (ಈ ಸಲ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಎಷ್ಟು. ಈ ಮೂರೂ ಬಿಲ್ಲಿನ ಮೊದಲ ಪುಟದಲ್ಲೇ ಇರುತ್ತವೆ. ಬ್ಯಾಂಕ್ ಕಳಿಸುವ ಮೆಸೇಜಿನಲ್ಲೂ ಇರುತ್ತವೆ.

ಮಿನಿಮಮ್ ಡ್ಯೂ ಸಾಮಾನ್ಯವಾಗಿ ಬಾಕಿಯ ಶೇ 5ರ ಆಸುಪಾಸು ಇರುತ್ತದೆ. ಇಎಂಐ ಇದ್ದರೆ ಅದರ ಕಂತು ಪೂರ್ತಿ ಸೇರುತ್ತದೆ, ಹಳೇ ಶುಲ್ಕ ಇದ್ದರೆ ಅದೂ ಸೇರುತ್ತದೆ. ನನ್ನದು ₹1,920 ಇತ್ತು. ಆಸ್ಪತ್ರೆ ಎದುರಿನ ಮೆಡಿಕಲ್ ಶಾಪಿನಲ್ಲಿ ದಿನಾ ಅದಕ್ಕಿಂತ ಜಾಸ್ತಿ ಕೊಡುತ್ತಿದ್ದೆವು.

ಹೆಜ್ಜೆ 2: ಇವತ್ತೇ ಮಿನಿಮಮ್ ಕಟ್ಟಿಸಿ, ನಿಮ್ಮ ಕೈಯಿಂದಲೇ ಆಗಬೇಕಿಲ್ಲ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಿಲ್ ಯಾರು ಬೇಕಾದರೂ ಕಟ್ಟಬಹುದು. ತಮ್ಮ, ಅತ್ತಿಗೆ, ಪಕ್ಕದ ಮನೆಯವರು, ಯಾರಾದರೂ ಸರಿ. ಅವರ ಫೋನಿನ ಯುಪಿಐ ಆ್ಯಪ್‌ನಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ಅನ್ನುವ ಜಾಗಕ್ಕೆ ಹೋಗಿ ನಿಮ್ಮ ಬ್ಯಾಂಕ್ ಆರಿಸಿಕೊಳ್ಳಬೇಕು. ಆಮೇಲೆ ಬ್ಯಾಂಕಿನಲ್ಲಿ ಕೊಟ್ಟಿರುವ ನಿಮ್ಮ ಮೊಬೈಲ್ ನಂಬರು, ಕಾರ್ಡಿನ ಕೊನೇ ನಾಲ್ಕು ಅಂಕಿ ಹಾಕಬೇಕು. ಕೆಲವು ಕಡೆ ಪೂರ್ತಿ ಕಾರ್ಡ್ ನಂಬರ್ ಕೇಳುತ್ತದೆ. ಹಣ ಅವರ ಖಾತೆಯಿಂದ, ಅವರದೇ ಪಿನ್ ಹಾಕಿ ಹೋಗುತ್ತದೆ. ನಿಮ್ಮ ಪಿನ್ ಬೇಡ, ಓಟಿಪಿ ಬೇಡ, ಕಾರ್ಡಿನ ಹಿಂದಿನ ಮೂರಂಕಿ ಸಿವಿವಿಯೂ ಬೇಡ. ಬಿಲ್ ಕಟ್ಟಿಕೊಡುತ್ತೇನೆ ಅಂತ ಇವುಗಳಲ್ಲಿ ಯಾವುದನ್ನಾದರೂ ಯಾರಾದರೂ ಕೇಳಿದರೆ ಕೊಡಬೇಡಿ.

ನೆಫ್ಟ್, ಅಂದರೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಕಳಿಸುವ ವ್ಯವಸ್ಥೆಯ ಮೂಲಕವೂ ಕಟ್ಟಬಹುದು. ಅದು 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ, ರಜಾ ದಿನ ಅನ್ನದೆ ನಡೆಯುತ್ತದೆ. ಅಲ್ಲಿ ಖಾತೆ ನಂಬರ್ ಬದಲು ಕಾರ್ಡ್ ನಂಬರ್ ಹಾಕಬೇಕು, ಐಎಫ್‌ಎಸ್‌ಸಿ ಕೋಡ್ ಕಾರ್ಡ್ ಪಾವತಿಗೆಂದೇ ಬ್ಯಾಂಕ್ ಕೊಟ್ಟಿರುವುದಾಗಿರಬೇಕು. ಒಂದಂಕಿ ತಪ್ಪಿದರೂ ತಲೆನೋವು. ಜ್ವರದಲ್ಲಿರುವಾಗ ಯುಪಿಐ ದಾರಿಯೇ ಸುಲಭ ಅನ್ನುವುದು ನನ್ನ ಅನುಭವ. ಬ್ರಾಂಚಿನಲ್ಲಿ ನಗದು ಕೂಡ ತೆಗೆದುಕೊಳ್ಳುತ್ತಾರೆ, ಆದರೆ ಕೆಲವು ಬ್ಯಾಂಕ್‌ಗಳು ಅದಕ್ಕೆ ಬೇರೆ ಶುಲ್ಕ ಹಾಕುತ್ತವೆ. ಹೇಗೆ ಕಟ್ಟಿದರೂ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ಜಮಾ ಆಗಲು ಒಂದೆರಡು ದಿನ ಹಿಡಿಯಬಹುದು, ಹಾಗಾಗಿ ಕೊನೇ ದಿನ ರಾತ್ರಿವರೆಗೆ ಕಾಯಬೇಡಿ.

ಕೊನೇ ದಿನ ದಾಟಿಹೋಗಿದೆಯೇ? ಗಾಬರಿ ಬೇಡ, ಇನ್ನೂ ಒಂದು ಬಾಗಿಲು ತೆರೆದಿದೆ. ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿಯಮದ ಪ್ರಕಾರ, ಕೊನೇ ದಿನ ಕಳೆದು ಮೂರು ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಮಾತ್ರ ಬ್ಯಾಂಕ್ ಲೇಟ್ ಫೀ ಹಾಕಬಹುದು. ನಮ್ಮ ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗೆ ಬಾಕಿದಾರ ಅಂತ ಹೇಳಬಹುದಾದದ್ದೂ ಆಗಲೇ. ನನ್ನ ಕೊನೇ ದಿನ 1 ಆಗಿದ್ದರಿಂದ 4ರವರೆಗೆ ಸಮಯ ಇತ್ತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅದು! ಆಟೋದಲ್ಲಿ ಬಟವಾಡಿಯಿಂದ ಮನೆ ಸೇರುವಷ್ಟರಲ್ಲಿ ತಮ್ಮನೇ ₹1,920 ಹಾಕಿಬಿಡಬಹುದಿತ್ತು. ನಿಯಮ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಒಂದು ಎಚ್ಚರ. ಈ ಮೂರು ದಿನದ ವಿನಾಯಿತಿ ಲೇಟ್ ಫೀಗೆ ಮತ್ತು ಸಿಬಿಲ್ ವರದಿಗೆ. ಬಡ್ಡಿಗೂ ಇದೆ ಅಂತ ನಂಬಿಕೊಂಡು ಕೂರಬೇಡಿ.

ಬಡ್ಡಿ ಹೇಗೆ ಬೀಳುತ್ತೆ: ನನ್ನ ಬಿಲ್ಲನ್ನೇ ಬಿಡಿಸಿ ನೋಡೋಣ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕಂದ್ರೆ ಹೆಚ್ಚಿನವರು ಎಡವುವುದು ಇಲ್ಲೇ. "ಎಂಟು ದಿನ ತಡ ಆಯ್ತು, ಎಂಟು ದಿನದ ಬಡ್ಡಿ ಹಾಕ್ತಾರೆ" ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಪೂರ್ತಿ ಬಿಲ್ ಸಮಯಕ್ಕೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲದ ಅವಧಿ ಸಿಗುತ್ತದೆ. ಕಟ್ಟದಿದ್ದರೆ ಅದು ರದ್ದಾಗಿ, ಒಂದೊಂದು ಖರೀದಿಗೂ ಆ ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಲೆಕ್ಕ ಶುರುವಾಗುತ್ತದೆ.

ನನ್ನ ₹38,400ರಲ್ಲಿ ಎರಡೇ ಖರ್ಚು ಇತ್ತು. ಜೂನ್ 15ರಂದು ಫ್ರಿಜ್‌ಗೆ ₹24,000. ಜುಲೈ 5ರಂದು ಮಗಳ ಸ್ಕೂಲ್ ಫೀ ₹14,400. ಬಡ್ಡಿ ದರ ತಿಂಗಳಿಗೆ ಶೇ 3.6, ಅಂದರೆ ವರ್ಷಕ್ಕೆ ಶೇ 43.2. ಕೇಳಿದರೆ ಎದೆ ಧಸಕ್ ಅನ್ನುತ್ತೆ, ಆದರೆ ನಮ್ಮ ದೇಶದ ಬಹಳಷ್ಟು ಕಾರ್ಡ್‌ಗಳ ದರ ಇದೇ ಆಸುಪಾಸಿನಲ್ಲಿದೆ. ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಹಾಗಾಗಿ "ಶೇ 30 ದಾಟುವ ಹಾಗಿಲ್ಲ" ಅಂತ ಯಾರಾದರೂ ಹೇಳಿದರೆ ಅದು ಹಳೇ ಮಾತು.

ಲೆಕ್ಕ ಹೀಗೆ: ಖರ್ಚಿನ ಮೊತ್ತವನ್ನು ವರ್ಷದ ದರದಿಂದ ಗುಣಿಸಿ, 365ರಿಂದ ಭಾಗಿಸಿ, ದಿನಗಳಿಂದ ಗುಣಿಸಬೇಕು. ಫ್ರಿಜ್ ಕೊಂಡ ಜೂನ್ 15ರಿಂದ ನಾನು ಹಣ ಕಟ್ಟಿದ ಆಗಸ್ಟ್ 9ಕ್ಕೆ 55 ದಿನ. ಬಡ್ಡಿ ಸುಮಾರು ₹1,562. ಸ್ಕೂಲ್ ಫೀಗೆ 35 ದಿನ, ₹597. ಎರಡೂ ಸೇರಿ ₹2,159.

ಆಸ್ಪತ್ರೆಗೆ ಸೇರುವಾಗ ಅಡ್ವಾನ್ಸ್ ₹10,000 ಕೂಡ ಇದೇ ಕಾರ್ಡಿನಿಂದ ಉಜ್ಜಿದ್ದೆ. ಹಳೇ ಬಾಕಿ ಉಳಿದರೆ ಹೊಸ ಖರ್ಚಿಗೂ ಬಡ್ಡಿ ಇಲ್ಲದ ಅವಧಿ ಸಿಗುವುದಿಲ್ಲ. ಜುಲೈ 30ರಿಂದ, ಮುಂದಿನ ಬಿಲ್ ತಯಾರಾದ ಆಗಸ್ಟ್ 12ರವರೆಗೆ 13 ದಿನ, ₹154.

ಲೇಟ್ ಫೀ ₹950. ಬಡ್ಡಿಗೂ ಲೇಟ್ ಫೀಗೂ ಎರಡಕ್ಕೂ ಶೇ 18 ಜಿಎಸ್‌ಟಿ. ಆಗಸ್ಟ್ 12ರ ಬಿಲ್ ಹೀಗೆ ಬಂತು: ಆಸ್ಪತ್ರೆ ಅಡ್ವಾನ್ಸ್ ₹10,000, ಬಡ್ಡಿ ₹2,313, ಅದರ ಜಿಎಸ್‌ಟಿ ₹416, ಲೇಟ್ ಫೀ ಜಿಎಸ್‌ಟಿ ಸೇರಿ ₹1,121. ಒಟ್ಟು ₹13,850. ಎಂಟು ದಿನದ ತಡಕ್ಕೆ ₹3,850 ದಂಡ.

ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಏನು ಕಟ್ಟಿದರೆ ಏನು ಉಳಿಯುತ್ತೆ ಅನ್ನುವುದು ಇದರಿಂದ ಸ್ಪಷ್ಟವಾಗುತ್ತೆ. ಮಿನಿಮಮ್ ಕಟ್ಟಿದ್ದರೆ ₹1,121 ಉಳಿಯುತ್ತಿತ್ತು, ಸಿಬಿಲ್ ಚಿಂತೆ ಇರುತ್ತಿರಲಿಲ್ಲ, ಆದರೆ ಬಡ್ಡಿ ಬೀಳುತ್ತಲೇ ಇತ್ತು. ಪೂರ್ತಿ ಕಟ್ಟಿದ್ದರೆ ಮಾತ್ರ ಬಡ್ಡಿಯೂ ತಪ್ಪುತ್ತಿತ್ತು. ಹಾಗಾಗಿ ಮಿನಿಮಮ್ ಅನ್ನುವುದು ಹುಷಾರಿಲ್ಲದ ದಿನಗಳಿಗೆ ಆಸರೆ ಅಷ್ಟೇ. ಚೇತರಿಸಿಕೊಂಡ ತಕ್ಷಣ ಉಳಿದದ್ದನ್ನು ಬಿಲ್ ಬರಲಿ ಅಂತ ಕಾಯದೆ ಕಟ್ಟಿ. ಎಷ್ಟು ಬೇಗ ಕಟ್ಟುತ್ತೀರೋ ಅಷ್ಟು ದಿನದ ಬಡ್ಡಿ ಉಳಿಯುತ್ತೆ. ತಿಂಗಳ ಮಧ್ಯೆ ಕೈಗೆ ₹5,000 ಬಂದರೂ ಹಾಕಿ.

ಹೆಜ್ಜೆ 3: ಕಾರ್ಡನ್ನು ಸ್ವಲ್ಪ ದಿನ ಬೀರುವಿನಲ್ಲಿಡಿ

ಬಾಕಿ ಪೂರ್ತಿ ತೀರುವವರೆಗೆ ಔಷಧಿಗೆ, ಎಳನೀರಿಗೆ, ಹಣ್ಣಿಗೆ ಆ ಕಾರ್ಡ್ ಬಳಸಬೇಡಿ. ಪ್ರತಿ ಖರ್ಚಿಗೂ ಮೊದಲ ದಿನದಿಂದಲೇ ಬಡ್ಡಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯುವುದಂತೂ ಬೇಡವೇ ಬೇಡ. ಅದಕ್ಕೆ ಯಾವಾಗಲೂ ತೆಗೆದ ದಿನದಿಂದ ಬಡ್ಡಿ, ಮೇಲೆ ಶುಲ್ಕ. ಒಂದು ಬಾಕಿ ತೀರಿಸಲು ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಕಡೆಗೂ ಹೋಗಬೇಡಿ. ಕೈಸಾಲ ಕೇಳಲು ಮುಜುಗರ ಆಗುತ್ತೆ, ನನಗೂ ಆಯಿತು. ಆದರೂ ಚಿಕ್ಕಪ್ಪನ ಹತ್ತಿರ ಇಪ್ಪತ್ತು ಸಾವಿರ ಕೇಳುವುದು ಶೇ 43ಕ್ಕಿಂತ ಸಾವಿರ ಪಾಲು ಮೇಲು.

ಹೆಜ್ಜೆ 4: ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಬರೆದೂ ಕೊಡಿ

ಕಾರ್ಡಿನ ಹಿಂದೆ ಇರುವ ನಂಬರಿಗೇ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರ್ ಬೇಡ. ಅಲ್ಲಿ ಮೋಸಗಾರರು ನಕಲಿ ನಂಬರ್ ಹಾಕಿರುತ್ತಾರೆ, ಸುಸ್ತಾಗಿರುವವರೇ ಅವರಿಗೆ ಸುಲಭದ ತುತ್ತು. "ಲೇಟ್ ಫೀ ತೆಗೀತೀವಿ, ಈ ಫೈಲ್ ಡೌನ್‌ಲೋಡ್ ಮಾಡ್ಕೊಳ್ಳಿ" ಅಂತ ಬಂದರೆ ಅಲ್ಲೇ ಫೋನ್ ಇಡಿ. ಆಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಫೋನಿನಲ್ಲಿ ಕನ್ನಡ ಆಯ್ಕೆ ಇದ್ದರೆ ಅದನ್ನೇ ಒತ್ತಿ. ನಮ್ಮ ಭಾಷೆಯಲ್ಲಿ ನಮ್ಮ ಕಷ್ಟ ಹೇಳಿಕೊಂಡಷ್ಟು ಚೆನ್ನಾಗಿ ಬೇರೆಯದರಲ್ಲಿ ಆಗುವುದಿಲ್ಲ. ಉದ್ದ ಕತೆ ಬೇಡ. ನಾನು ಹೇಳಿದ್ದು ಇಷ್ಟು: "ಜುಲೈ 30ರಿಂದ ಆಗಸ್ಟ್ 4ರವರೆಗೆ ಆಸ್ಪತ್ರೆಯಲ್ಲಿದ್ದೆ. ಡಿಸ್ಚಾರ್ಜ್ ಸಮ್ಮರಿ ಇದೆ. ಆಗಸ್ಟ್ 9ಕ್ಕೆ ಪೂರ್ತಿ ಬಿಲ್ ಕಟ್ಟಿದ್ದೇನೆ. ಹಿಂದೆ ಯಾವತ್ತೂ ತಪ್ಪಿಸಿಲ್ಲ. ಲೇಟ್ ಫೀ, ಅದರ ಜಿಎಸ್‌ಟಿ ಮತ್ತು ಬಡ್ಡಿ ವಾಪಸ್ ಮಾಡಿಕೊಡಿ." ಆ ಕಡೆಯ ಹುಡುಗಿ ಮೊದಲು "ಆಗಲ್ಲ ಮೇಡಂ, ಸಿಸ್ಟಮ್‌ನಲ್ಲಿ ಅವಕಾಶ ಇಲ್ಲ" ಅಂದಳು. ನಾನು ಜಗಳ ಆಡಲಿಲ್ಲ. "ಹಾಗಾದ್ರೆ ನನ್ನ ಕೋರಿಕೆ ದಾಖಲು ಮಾಡಿ, ದೂರಿನ ನಂಬರ್ ಕೊಡಮ್ಮ" ಅಂದೆ. ಕೊಟ್ಟಳು. ಆ ನಂಬರ್ ಮುಖ್ಯ. ಅದಿಲ್ಲದಿದ್ದರೆ ನೀವು ಕೇಳಿದ್ದಕ್ಕೆ ಗುರುತೇ ಇರುವುದಿಲ್ಲ.

ಹಣ ಕಟ್ಟಿದ ಮೇಲೆ ಕೇಳಿ, ಮೊದಲೇ ಅಲ್ಲ. ಕಟ್ಟಿದವರು ಕೇಳುವುದಕ್ಕೂ ಬಾಕಿ ಇಟ್ಟುಕೊಂಡವರು ಕೇಳುವುದಕ್ಕೂ ಬೇರೆ ತೂಕ ಇರುತ್ತೆ.

ಫೋನು ಮಾಡಿದ ಅವತ್ತೇ ಬರಹದಲ್ಲೂ ಹಾಕಿ. ಇಮೇಲ್ ಆಗಬಹುದು, ಬ್ರಾಂಚಿಗೆ ಪತ್ರ ಆಗಬಹುದು. ನಾನು ಎರಡೂ ಮಾಡಿದೆ. ಓಡಾಡುವಷ್ಟು ಶಕ್ತಿ ಬಂದಮೇಲೆ ಬಿ.ಎಚ್. ರಸ್ತೆಯ ಬ್ರಾಂಚಿಗೆ ಹೋಗಿ ಪತ್ರ ಕೊಟ್ಟೆ. ಒಂದು ಪ್ರತಿ ಅವರಿಗೆ, ಇನ್ನೊಂದರ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಂಡು ವಾಪಸ್ ತಂದೆ. ಕಾರ್ಡ್ ವಿಭಾಗ ಬೇರೆ, ನಮಗೆ ಸಂಬಂಧ ಇಲ್ಲ ಅಂತ ಅವರು ಹೇಳಬಹುದು. "ಸ್ವೀಕರಿಸಿ ಅವರಿಗೆ ಕಳಿಸಿಕೊಡಿ ಸರ್" ಅಂತ ಸಮಾಧಾನವಾಗಿ ಕೇಳಿ.

ಪತ್ರ ಹೀಗಿರಲಿ, ನಿಮ್ಮ ವಿವರ ತುಂಬಿಕೊಳ್ಳಿ:

"ಮಾನ್ಯರೇ, ನನ್ನ ಕ್ರೆಡಿಟ್ ಕಾರ್ಡಿನ ಕೊನೆಯ ನಾಲ್ಕು ಅಂಕಿ ……. ದಿನಾಂಕ ……ರ ಬಿಲ್ ಪಾವತಿಗೆ …… ಕೊನೆಯ ದಿನವಾಗಿತ್ತು. ನಾನು ……ರಿಂದ ……ರವರೆಗೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದ ಕಾರಣ ಆ ದಿನದೊಳಗೆ ಹಣ ಕಟ್ಟಲು ಆಗಲಿಲ್ಲ. ……ರಂದು ಪೂರ್ತಿ ಮೊತ್ತ ₹…… ಪಾವತಿಸಿದ್ದೇನೆ. ಲೇಟ್ ಫೀ ₹……, ಅದರ ಮೇಲಿನ ಜಿಎಸ್‌ಟಿ ₹…… ಮತ್ತು ಬಡ್ಡಿ ₹…… ಅನ್ನು ವಾಪಸ್ ಮಾಡಬೇಕೆಂದು ಕೋರುತ್ತೇನೆ. ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ಈ ಬಾಕಿಯ ವರದಿ ಹೋಗಿದ್ದರೆ, ಹಣ ಪಾವತಿಯಾಗಿರುವುದನ್ನು ಸೇರಿಸಿ ಸರಿಪಡಿಸಬೇಕೆಂದು ವಿನಂತಿ. ಫೋನ್ ಮೂಲಕ ನೀಡಿದ ದೂರಿನ ಸಂಖ್ಯೆ ……. ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟ ಮತ್ತು ಪಾವತಿಯ ರಸೀದಿ ಲಗತ್ತಿಸಿದ್ದೇನೆ."

ಡಿಸ್ಚಾರ್ಜ್ ಸಮ್ಮರಿಯಲ್ಲಿ ಸೇರಿದ ತಾರೀಕು, ಬಿಡುಗಡೆಯಾದ ತಾರೀಕು ಕಾಣುವ ಪುಟ ಸಾಕು. ರಕ್ತ ಪರೀಕ್ಷೆ ವರದಿ, ಸ್ಕ್ಯಾನು, ಆಧಾರ್ ಝೆರಾಕ್ಸ್ ಯಾವುದೂ ಬೇಡ. ನಿಮ್ಮ ಕಾಯಿಲೆಯ ಪೂರ್ತಿ ವಿವರ ಬ್ಯಾಂಕಿಗೆ ಯಾಕೆ? ಆಸ್ಪತ್ರೆಗೆ ಸೇರದೆ ಮನೆಯಲ್ಲೇ ಮಲಗಿದ್ದವರು ಡಾಕ್ಟರ ಚೀಟಿ ಅಥವಾ ವಿಶ್ರಾಂತಿಗೆ ಬರೆದುಕೊಟ್ಟ ಸರ್ಟಿಫಿಕೇಟ್ ಕೊಡಬಹುದು.

ಕಾಯಿಲೆ ಇತ್ತು ಅಂದಮಾತ್ರಕ್ಕೆ ಫೀ ಬಿಡಲೇಬೇಕು ಅನ್ನುವ ನಿಯಮ ಇಲ್ಲ. ಇದು ಬ್ಯಾಂಕಿನ ಮರ್ಜಿ. ನನಗೆ ಲೇಟ್ ಫೀ ₹950, ಅದರ ಜಿಎಸ್‌ಟಿ ₹171, ಎರಡೂ ಮುಂದಿನ ಬಿಲ್ಲಿನಲ್ಲಿ ಜಮಾ ಆಯಿತು. ಬಡ್ಡಿಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಜಿಎಸ್‌ಟಿಯನ್ನು ಹೆಸರು ಹೇಳಿ ಕೇಳಿ, ಇಲ್ಲದಿದ್ದರೆ ಫೀ ಮಾತ್ರ ಕೊಟ್ಟು ಸುಮ್ನಾಗಬಹುದು.

ಆದರೆ ಬ್ಯಾಂಕ್ ತಪ್ಪು ಮಾಡಿದ್ದರೆ ಮಾತು ಬೇರೆ. ಮೂರು ದಿನದ ಒಳಗೆ ಕಟ್ಟಿದ್ದರೂ ಲೇಟ್ ಫೀ ಹಾಕಿದ್ದರೆ, ಅರ್ಧ ಬಿಲ್ ಆಗಲೇ ಕಟ್ಟಿದ್ದರೂ ಒಟ್ಟು ಮೊತ್ತದ ಮೇಲೆ ಫೀ ಲೆಕ್ಕ ಹಾಕಿದ್ದರೆ, ಅದು ನಿಯಮಕ್ಕೆ ವಿರುದ್ಧ. ಕೊನೇ ದಿನದ ನಂತರ ಉಳಿದ ಬಾಕಿಯ ಮೇಲೆ ಮಾತ್ರ ಫೀ ಹಾಕಬೇಕು. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಮೇಲೆ ಬಡ್ಡಿ ಹಾಕುವಂತಿಲ್ಲ. ಅಲ್ಲಿ ವಿನಂತಿ ಬೇಡ, ದೂರು ಅಂತಲೇ ಬರೆಯಿರಿ.

ಹೆಜ್ಜೆ 5: ಮುಂದಿನ ಎರಡು ಬಿಲ್ ಬಿಡದೆ ನೋಡಿ

ಆಗಸ್ಟ್ 12ರ ₹13,850 ಅನ್ನು ಆಗಸ್ಟ್ 30ಕ್ಕೇ ಕಟ್ಟಿದೆ. ಫೀ ವಾಪಸ್ ಬರಲಿ ಆಮೇಲೆ ಕಟ್ಟೋಣ ಅಂತ ಕಾಯಲಿಲ್ಲ, ನೀವೂ ಕಾಯಬೇಡಿ. ಸೆಪ್ಟೆಂಬರ್ 12ಕ್ಕೆ ಮತ್ತೊಂದು ಬಿಲ್ ಬಂತು. ಅದರಲ್ಲಿ ಬಡ್ಡಿ ₹213, ಜಿಎಸ್‌ಟಿ ₹38. ಕಾರ್ಡ್ ಮುಟ್ಟಿರಲಿಲ್ಲ, ಪೂರ್ತಿ ಕಟ್ಟಿದ್ದೆ, ಮತ್ತೆ ಬಡ್ಡಿ! ಬ್ಯಾಂಕಿನವರದೇ ತಪ್ಪು ಅಂತ ಕೋಪ ಬಂತು.

ಲೆಕ್ಕ ಹಾಕಿದಾಗ ತಿಳಿಯಿತು. ಆಸ್ಪತ್ರೆಯ ₹10,000 ಮೇಲೆ ಆಗಸ್ಟ್ 12ರವರೆಗಿನ ಬಡ್ಡಿ ಮಾತ್ರ ಹಿಂದಿನ ಬಿಲ್ಲಿನಲ್ಲಿತ್ತು. ಅಲ್ಲಿಂದ ನಾನು ಕಟ್ಟಿದ 30ರವರೆಗೆ 18 ದಿನದ ಬಡ್ಡಿ ಉಳಿದುಕೊಂಡಿತ್ತು. ಅದು ಸೆಪ್ಟೆಂಬರ್‌ಗೆ ಬಂತು. ಇದನ್ನು ಉಳಿಕೆ ಬಡ್ಡಿ ಅನ್ನಬಹುದು. "ಕಾರ್ಡೇ ಬಳಸಿಲ್ಲ, ಬಿಲ್ ಎಲ್ಲಿಂದ ಬರುತ್ತೆ" ಅಂತ ಮೆಸೇಜ್ ತೆಗೆದು ನೋಡದೇ ಇದ್ದರೆ ಈ ₹251 ಬಾಕಿ ಉಳಿದು, ಅದಕ್ಕೆ ಮತ್ತೆ ಲೇಟ್ ಫೀ ಬಿದ್ದು, ಮತ್ತೆ ತಡ ಅಂತ ದಾಖಲಾಗುತ್ತದೆ. ನನ್ನ ಮಟ್ಟಿಗೆ ಫೀ ವಾಪಸಾದ ₹1,121 ಅದೇ ಬಿಲ್ಲಿನಲ್ಲಿ ಜಮಾ ಇದ್ದಿದ್ದರಿಂದ ಸರಿದೂಗಿತು. ಎಲ್ಲರಿಗೂ ಹಾಗಾಗುವುದಿಲ್ಲ. ಸತತವಾಗಿ ಎರಡು ಬಿಲ್‌ಗಳಲ್ಲಿ ಬಡ್ಡಿ ಸೊನ್ನೆ ಅಂತ ಕಂಡಮೇಲೆ ಮಾತ್ರ ಮುಗಿಯಿತು ಅಂದುಕೊಳ್ಳಿ.

ಹೆಜ್ಜೆ 6: ಸಿಬಿಲ್ ನೋಡಿ

ನಮ್ಮಲ್ಲಿ ಇಂಥ ಮಾಹಿತಿ ಇಡುವ ಸಂಸ್ಥೆಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದರಿಂದಲೂ ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಪಡೆಯುವ ಹಕ್ಕು ನಮಗಿದೆ. ಸೈಬರ್ ಸೆಂಟರಿನಲ್ಲಿ ಇನ್ನೂರು ಮುನ್ನೂರು ಕೊಟ್ಟು ತೆಗೆಸಬೇಕಿಲ್ಲ.

ವರದಿಯಲ್ಲಿ ತಿಂಗಳಿಗೊಂದರಂತೆ 36 ತಿಂಗಳ ಚೌಕ ಇರುತ್ತದೆ. ಒಂದೊಂದರಲ್ಲೂ ಎಷ್ಟು ದಿನ ಬಾಕಿ ಅನ್ನುವ ಅಂಕಿ. 000 ಇದ್ದರೆ ತಡ ಇಲ್ಲ. ನನ್ನದರಲ್ಲಿ ಆಗಸ್ಟ್ ಚೌಕ 000 ಇತ್ತು, ಆಗ ಬ್ಯಾಂಕ್‌ಗಳು ತಿಂಗಳಿಗೊಮ್ಮೆ ಮಾಹಿತಿ ಕೊಡುತ್ತಿದ್ದವು, ತಿಂಗಳ ಕೊನೆಗೆ ನನ್ನ ಹಳೇ ಬಾಕಿ ತೀರಿತ್ತು. ಈಗ ಆ ಸಲಿಗೆ ಕಡಿಮೆ. 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕೊಡಲೇಬೇಕು.

ಎಂಟು ಹತ್ತು ದಿನದ ತಡ ಒಂದೇ ಸಲ ಆಗಿದ್ದರೆ ಎದೆಗೆಡಬೇಡಿ. 30 ದಿನ, 60 ದಿನ ದಾಟುವುದು ನಿಜವಾದ ಪೆಟ್ಟು. ಮಿನಿಮಮ್ ಕೂಡ ಕಟ್ಟದೆ 90 ದಿನ ಆದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ ಚಿನ್ನದ ಸಾಲ ಬಿಟ್ಟರೆ ಗೃಹ ಸಾಲವಾಗಲಿ ಬೇರೆ ಸಾಲವಾಗಲಿ ಸಿಗುವುದು ಕಷ್ಟವಾಗುತ್ತದೆ.

ಹಣ ಕಟ್ಟಿದಮೇಲೂ ವರದಿಯಲ್ಲಿ ಬಾಕಿ ತೋರಿಸುತ್ತಿದ್ದರೆ ಬ್ಯಾಂಕಿಗೂ ಆ ಸಂಸ್ಥೆಗೂ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ, ಆನಂತರದ ಪ್ರತಿ ದಿನಕ್ಕೂ ₹100ರಂತೆ ನಿಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮ ಇದು.

ಕಾಯಿಲೆ ತಿಂಗಳುಗಟ್ಟಲೆ ಇದ್ದರೆ

ಅಪಘಾತ, ಆಪರೇಷನ್, ಡಯಾಲಿಸಿಸ್ ಇಂಥದ್ದರಲ್ಲಿ ಸಂಬಳವೇ ನಿಂತಿರುತ್ತೆ. ಆಗ ಪೂರ್ತಿ ಕಟ್ಟಿ ಅನ್ನುವ ಮಾತಿಗೆ ಅರ್ಥ ಇಲ್ಲ. ಆಗಲೂ ಸುಮ್ನೆ ಕೂರಬೇಡಿ. ಕೊನೇ ದಿನಕ್ಕೆ ಮೊದಲೇ ಬ್ಯಾಂಕಿಗೆ ಹೇಳಿ ಬಾಕಿಯನ್ನು ಇಎಂಐ ಮಾಡಿಸಿ. ಅದರ ಬಡ್ಡಿ ಮಾಮೂಲಿ ಕಾರ್ಡ್ ಬಡ್ಡಿಗಿಂತ ಬಹಳ ಕಡಿಮೆ. ಪ್ರೊಸೆಸಿಂಗ್ ಶುಲ್ಕ ಎಷ್ಟು, ಬೇಗ ಮುಗಿಸಿದರೆ ಶುಲ್ಕ ಇದೆಯಾ ಎಂದು ಕೇಳಿಕೊಳ್ಳಿ. ಕೊನೇ ದಿನ ದಾಟಿದಮೇಲೆ ಈ ಸೌಲಭ್ಯ ಸಿಗದೇ ಹೋಗಬಹುದು.

ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ, ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಕಡಿತ ಆಗುವವರು ಒಂದು ವಿಷಯ ಮರೆಯಬೇಡಿ. ಇಎಸ್‌ಐ ಅಂದರೆ ಬರೀ ಔಷಧಿಯಲ್ಲ. ನಿಗದಿತ ದಿನಗಳ ವಂತಿಗೆ ಕಟ್ಟಿದ್ದರೆ, ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ನಗದಾಗಿ ಸಿಗುತ್ತದೆ. ಎಷ್ಟೋ ಜನ ಕೇಳುವುದೇ ಇಲ್ಲ. ಆಸ್ಪತ್ರೆ ಬಿಲ್ ಕಾರ್ಡಿನಲ್ಲಿ ಕಟ್ಟಿ ವಿಮೆಯಿಂದ ವಾಪಸ್ ಪಡೆಯುವವರೂ ಗಮನಿಸಿ: ವಿಮೆ ಹಣ ಬರಲು ವಾರಗಳು ಹಿಡಿಯುತ್ತವೆ, ಕಾರ್ಡಿನ ಕೊನೇ ದಿನ ಕಾಯುವುದಿಲ್ಲ. ಸಾಧ್ಯವಿದ್ದರೆ ಕ್ಯಾಶ್‌ಲೆಸ್ ಮಾಡಿಸಿ, ಅಂದರೆ ವಿಮೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ಹಾಗೆ.

ವಸೂಲಿಯವರು ಫೋನ್ ಮಾಡಿದರೆ ಎತ್ತಿ, ನಿಮ್ಮ ಸ್ಥಿತಿ ಹೇಳಿ, ಹೇಳಿದ್ದನ್ನೇ ಇಮೇಲ್ ಮಾಡಿ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನಿಮ್ಮ ನೆಂಟರಿಗೆ, ಸ್ನೇಹಿತರಿಗೆ ಫೋನ್ ಮಾಡಿ ಮರ್ಯಾದೆ ಕಳೆಯುವಂತಿಲ್ಲ. ಕಾಯಿಲೆಯಿಂದ ಕಾರ್ಡ್ ಬಾಕಿ ಉಳಿದ ಮಾತ್ರಕ್ಕೆ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ. ಹೆದರಿಕೆಯಲ್ಲಿ ಖಾಲಿ ಚೆಕ್ ಬರೆದುಕೊಡಬೇಡಿ, ಚೆಕ್ ಬೌನ್ಸ್ ಆದರೆ ಆಗ ನಿಜಕ್ಕೂ ಕ್ರಿಮಿನಲ್ ಕೇಸ್ ಆಗುತ್ತದೆ.

"ಒಂದು ಲಕ್ಷಕ್ಕೆ ನಲವತ್ತು ಸಾವಿರ ಕೊಟ್ಟುಬಿಡಿ, ಸೆಟಲ್ ಮಾಡ್ತೀವಿ" ಅಂತ ಹೇಳಿದಾಗ ಆಸೆಯಾಗುತ್ತೆ. ಒಪ್ಪುವ ಮುಂಚೆ ಎರಡು ಸಲ ಯೋಚಿಸಿ. ವರದಿಯಲ್ಲಿ ಮುಗಿದ ಖಾತೆ ಅಂತ ಬರುವುದಿಲ್ಲ, ಸೆಟಲ್ಡ್ ಅಂತ ಬರುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ನೋಡಿಯೇ ಹಿಂದೆ ಸರಿಯುತ್ತಾರೆ. ಬೇರೆ ದಾರಿಯೇ ಇಲ್ಲದಿದ್ದರೆ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡ ಮೇಲೆಯೇ ಒಂದು ರೂಪಾಯಿ ಕೊಡಿ.

ಬ್ಯಾಂಕ್ ಕೇಳದಿದ್ದರೆ

ಮೊದಲು ಬ್ಯಾಂಕಿನ ದೂರು ವಿಭಾಗ, ಆಮೇಲೆ ಅವರದೇ ನೋಡಲ್ ಅಧಿಕಾರಿ. ಇಮೇಲ್ ವಿಳಾಸ ಬಿಲ್ಲಿನ ಹಿಂದಿನ ಪುಟಗಳಲ್ಲಿ ಇರುತ್ತದೆ. 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ ಹೋಗಿ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಓಆರ್‌ಜಿ ಡಾಟ್ ಇನ್ ಎಂಬ ತಾಣದಲ್ಲಿ ಮನೆಯಿಂದಲೇ ದೂರು ಹಾಕಬಹುದು, ಖರ್ಚಿಲ್ಲ, ವಕೀಲರು ಬೇಡ. ಮಾಹಿತಿಗೆ 14448 ನಂಬರ್ ಇದೆ. ಸೀಲು ಹಾಕಿಸಿದ ಪತ್ರ, ದೂರಿನ ನಂಬರು, ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತೆ. ಇದಲ್ಲದೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಆದರೆ ಸಾವಿರ ರೂಪಾಯಿ ಲೇಟ್ ಫೀಗೆ ಅಲ್ಲಿವರೆಗೆ ಅಲೆಯುವ ಬದಲು ಒಂಬುಡ್ಸ್‌ಮನ್ ದಾರಿಯನ್ನೇ ಹಿಡಿಯಿರಿ ಅನ್ನುತ್ತೇನೆ.

ಎದ್ದು ಓಡಾಡುವ ಹಾಗಾದ ಮೇಲೆ

ನಾನು ಮೂರು ಕೆಲಸ ಮಾಡಿದೆ. ಕಾರ್ಡಿಗೆ ಆಟೋಪೇ ಹಾಕಿಸಿದೆ, ಅಂದರೆ ಪ್ರತಿ ತಿಂಗಳು ಖಾತೆಯಿಂದ ತಾನಾಗಿಯೇ ಬಿಲ್ ಕಟ್ಟಿಹೋಗುವ ಹಾಗೆ, ಮಿನಿಮಮ್‌ಗೆ. ಪೂರ್ತಿ ಮೊತ್ತಕ್ಕೆ ಹಾಕಿದರೆ ಒಳ್ಳೆಯದೇ, ಆದರೆ ನನ್ನ ಖಾತೆಯಲ್ಲಿ ಎಲ್ಲ ತಿಂಗಳೂ ಅಷ್ಟು ಹಣ ಇರುತ್ತೆ ಅನ್ನುವ ಧೈರ್ಯ ಇರಲಿಲ್ಲ. ಉಳಿದದ್ದನ್ನು ಕೈಯಾರೆ ಕಟ್ಟುತ್ತೇನೆ.

ಬಿಲ್ ಬರುವ ತಾರೀಕು ಬದಲಾಯಿಸಿಕೊಂಡೆ. ಕನಿಷ್ಠ ಒಂದು ಸಲ ಬದಲಾಯಿಸಿಕೊಳ್ಳುವ ಹಕ್ಕು ನಮಗೆ ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಇದೆ. ನಮ್ಮ ಆಫೀಸಿನಲ್ಲಿ ಸಂಬಳ 5ಕ್ಕೆ ಆಗುತ್ತೆ. ಈಗ ಕಟ್ಟುವ ಕೊನೇ ದಿನ 11.

ಮೂರನೆಯದು, ಒಂದು ಚೀಟಿ. ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಬ್ಯಾಂಕಿನ ಹೆಸರು, ಕಾರ್ಡಿನ ಕೊನೇ ನಾಲ್ಕು ಅಂಕಿ, ಕಟ್ಟುವ ಕೊನೇ ದಿನ, ಕಾರ್ಡಿನ ಹಿಂದಿನ ಫೋನ್ ನಂಬರ್. ಪಿನ್ ಇಲ್ಲ, ಪಾಸ್‌ವರ್ಡ್ ಇಲ್ಲ. ತಮ್ಮನನ್ನು ಕರೆದು ಆ ಚೀಟಿ ತೋರಿಸಿ, "ನಿನ್ನ ಫೋನಿಂದ ನೂರು ರೂಪಾಯಿ ಕಟ್ಟಿ ನೋಡು" ಅಂದೆ. ಅವನು ಸಿರಾ ಗೇಟ್ ಹತ್ತಿರ ಟೀ ಕುಡಿಯುತ್ತಾ ಕಟ್ಟಿದ. ಹತ್ತು ನಿಮಿಷದಲ್ಲಿ ನನ್ನ ಫೋನಿಗೆ ₹100 ಜಮಾ ಅಂತ ಮೆಸೇಜ್ ಬಂತು.